ಹದಿನೇಳನೆಯ ಕಂಬದ ಗುಳ್ಳೆಗಳು

ತೈಚುಂಗ್ ಬಂದರು
ಅಕ್ಟೋಬರ್ 21, ಮಂಗಳವಾರ

ಪ್ರೀತಿಯ ಅಪ್ಪಾ,

ಮೊಣಕಾಲು ಹೇಗಿದೆ? ಈಶಾನ್ಯದ ಗಾಳಿ ಶುರುವಾದ ಮೇಲೆ, ದೋಣಿಯಿಂದ ಏಣಿಗೆ ಕಾಲಿಡುವಾಗ ಅದು ಎಲ್ಲಿ ಕೈಕೊಡುತ್ತದೋ ಎಂದು ಅಜ್ಜಿಗೆ ದಿಗಿಲು. ಒಣಮೂಲಂಗಿ, ಶುಂಠಿ ಬೆಲ್ಲ ಕಟ್ಟಿ ಕಳಿಸಿದ್ದಾಳೆ. ಹಡಗಿನವರಿಗೆಲ್ಲ ಹಂಚಿಬಿಡದೆ ನೀವೇ ತಿನ್ನಬೇಕಂತೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಹಾಗೆಂದು ಬರೆದವಳು ಮೂರು ಸಲ ಎದ್ದು ಕಿಟಕಿಯ ಚಿಲಕ ನೋಡಿ ಬಂದೆ. ಫೋನಿನಲ್ಲಿ ನಿಮ್ಮೆದುರು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಈ ಕಾಗದ. ನಾಳೆಯ ದೋಣಿಗೆ ಕೊಡುತ್ತೇನೆ.

ಸಮುದ್ರದೊಳಗಿನ ಹದಿನೇಳನೆಯ ಗಾಳಿವಿದ್ಯುತ್ ಕಂಬದ ಬುಡದಲ್ಲಿ, ಏಣಿಯ ಪಕ್ಕದ ಹಳದಿ ಬಣ್ಣ ಗುಳ್ಳೆಯೆದ್ದಿದೆ, ಒತ್ತಿದರೆ ಕೆಂಪು ನೀರು ಬರುತ್ತದೆ ಎಂದು ಬರೆದಿದ್ದಿರಿ. "ದಾಖಲೇಲಿ ನಿನ್ನ ಸಹಿ ನೋಡ್ದೆ. ಗುರುವಾರ ಅಲ್ಲಿಗೇ ಹೋಗ್ತೀನಿ, ಎರಡು ಕೈ ಬಣ್ಣ ಬಳಿದ್ರೆ ಯಾರಿಗೂ ಗೊತ್ತಾಗಲ್ಲ. ನೀನು ಸುಮ್ನಿರು ಪುಟ್ಟಿ." ಅಪ್ಪಾ, ಆ ಒಂದು ಮಾತೇ ನನ್ನನ್ನು ಕೂತಲ್ಲಿ ಕೂರಲು ಬಿಡುತ್ತಿಲ್ಲ.

ನಡೆದದ್ದು ಹೋದ ವರ್ಷ, ಚಾಂದ್ರ ಪಂಚಾಂಗದ ಏಳನೆಯ ತಿಂಗಳ ಹುಣ್ಣಿಮೆಯಂದು. ಬಣ್ಣದ ಶೆಡ್ಡಿನ ಬಾಗಿಲಲ್ಲೇ ಮೇಜು ಹಾಕಿ, ಹಂದಿಮಾಂಸ, ಅನಾನಸು, ಬಿಯರ್ ಇಟ್ಟು 'ಒಳ್ಳೆಯ ಅಣ್ಣತಮ್ಮಂದಿರಿಗೆ' ಎಡೆ ಮಾಡಿದ್ದೆವು. ಸತ್ತವರ ಲೋಕದಿಂದ ಹಸಿದು ಬರುವ ಅವರ ನಿಜವಾದ ಹೆಸರನ್ನು ಆ ತಿಂಗಳು ಹೇಳಬಾರದಲ್ಲ, ಕಾಗದದಲ್ಲೂ ನಾನು ಹೇಳುವುದಿಲ್ಲ. ಆಗಿನ್ನೂ ಶೆಡ್ಡಿನಲ್ಲೇ ಮಲಗಿದ್ದ ಹದಿನೇಳನೆಯ ಕಂಬದ ಬುಡವನ್ನು ಬೆಳಿಗ್ಗೆಯಷ್ಟೇ ಕಬ್ಬಿಣದ ಕಾಳು ಹೊಡೆದು ಬೆಳ್ಳಿಯ ಹಾಗೆ ಉಜ್ಜಿದ್ದರು. ನಾನೇ ಅದರ ಮೇಲೆ ಪಟ್ಟಿ ಅಂಟಿಸಿ ಉಪ್ಪಿನ ಅಂಶ ಅಳೆದು ಬರೆದುಕೊಂಡಿದ್ದೆ. ಚೆನ್ನಾಗಿತ್ತು. ಮಧ್ಯಾಹ್ನ ಅವರ ಖರ್ಚಿಗೆಂದು ಕಾಗದದ ಹುಸಿ ಹಣ ಸುಡುವಾಗ ಗಾಳಿ ತಿರುಗಿ, ಬೂದಿಯೆಲ್ಲ ಒಳಗೆ ನುಗ್ಗಿ ಆ ಬೆತ್ತಲೆ ಉಕ್ಕಿನ ಮೇಲೆ ಕೂತಿತು. ಬೂದಿಯಲ್ಲೂ ಉಪ್ಪಿರುತ್ತದೆ, ಅದರ ಮೇಲೆ ಬಣ್ಣ ಹೊಡೆದರೆ ಮುಂದೆ ಗುಳ್ಳೆಯೇಳುತ್ತದೆ. ತೊಳೆದು ಮತ್ತೆ ಅಳೆಯಬೇಕಲ್ಲವೇ ಎಂದು ಮೆಲ್ಲಗೆ ಕೇಳಿದೆ. ಮೇಸ್ತ್ರಿ ಕುನ್ ಚಿಕ್ಕಪ್ಪ ಕಣ್ಣು ಬಿಟ್ಟರು. "ಅವ್ರಿನ್ನೂ ಊಟಕ್ಕೆ ಕೂತಿದಾರೆ, ಮುಖಕ್ಕೆ ನೀರು ಎರಚ್ತೀಯಾ? ಪುಸ್ತಕ ಓದಿದೋಳಿಗೆ ಇಷ್ಟೂ ಗೊತ್ತಾಗಲ್ವಾ?" ಎಲ್ಲರೂ ನಕ್ಕರು. ಪೊರಕೆಯಲ್ಲಿ ಗುಡಿಸಿ, ಸಂಜೆಯೊಳಗೆ ಬಣ್ಣ ಹೊಡೆದರು. ನಾನು ಬೆಳಗಿನ ಅಂಕಿಯನ್ನೇ ಬರೆದು, 'ಮೇಲ್ಮೈ ಶುದ್ಧ' ಎಂದು ಸಹಿ ಹಾಕಿದೆ. ಯಾರೂ ನನ್ನ ಕೈ ಹಿಡಿದು ಹಾಕಿಸಲಿಲ್ಲ.

ಚಿಕ್ಕಪ್ಪ ಕೆಟ್ಟವರಲ್ಲ. ನನಗೆ ಈ ಕೆಲಸ ಕೊಡಿಸಿದವರೇ ಅವರು. ನಿವೃತ್ತಿಗೆ ಇನ್ನೆಂಟು ತಿಂಗಳಿದೆ. ದೂರು ಹೋದರೆ ಮೊದಲು ಅವರ ಕೆಲಸ ಹೋಗುತ್ತದೆ, ಆಮೇಲೆ ನನ್ನದು. ಆದರೆ ಗುಳ್ಳೆ ಎದ್ದಿರುವುದು ನೀವೆಲ್ಲ ಹತ್ತುವಾಗ ಬೀಳದಂತೆ ಸೊಂಟದ ಹಗ್ಗ ಸಿಕ್ಕಿಸುವ ಕೊಂಡಿಯ ಬೆಸುಗೆಯ ಹತ್ತಿರವಂತೆ. ಮೇಲೆ ಬಣ್ಣ ಬಳಿದರೆ ತುಕ್ಕು ಒಳಗೊಳಗೇ ಬೆಸುಗೆಯನ್ನು ತಿನ್ನುತ್ತಾ ಹೋಗುತ್ತದೆ, ಹಳದಿ ಮಾತ್ರ ಹೊಸದಾಗಿ ಹೊಳೆಯುತ್ತದೆ. ಇದನ್ನು ನನಗೆ ಕಲಿಸಿದವರು ನೀವೇ. ನಮ್ಮ ಸ್ಕೂಟರಿನ ತಗಡು ತೋರಿಸಿ, "ತುಕ್ಕಿಗೆ ಬಟ್ಟೆ ತೊಡಿಸಬೇಡ, ಕೆರೆದು ಹಾಕು" ಅಂದಿರಿ. ಆಗ ನನಗೆ ಒಂಬತ್ತು ವರ್ಷ. ಏನು ಮಾಡಲಿ ಎಂದು ಇನ್ನೂ ತಿಳಿಯುತ್ತಿಲ್ಲ. ಚಹಾ ಮತ್ತೆ ತಣ್ಣಗಾಯಿತು.

ಹಡಗಿನವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ಅಜ್ಜಿ ಸಮುದ್ರದ ತಾಯಿಗೆ ದಿನವೂ ಊದುಬತ್ತಿ ಹಚ್ಚುತ್ತಿದ್ದಾಳೆ, ನೀವೂ ಜಾಗ್ರತೆಯಿಂದಿರಿ.

ನಿಮ್ಮ ಮಗಳು,
ಯುನ್-ಚೆನ್

ಮರುದಿನ, ಅವಸರದಲ್ಲಿ: ಲಕೋಟೆ ಅಂಟಿಸದೆ ಕೆಲಸದ ಶೆಡ್ಡಿಗೆ ಹೋದೆ. ಮೊದಲು ಚಿಕ್ಕಪ್ಪನಿಗೇ ಹೇಳಿದೆ. ಅವರು ಕೈಗವಸು ಕಳಚಿ ಒದರಿದರು. "ನಿಂಗೆ ಬಾಯಿದೆ ಅಂತ ಇವತ್ತು ಗೊತ್ತಾಯ್ತು. ಒಂದು ವರ್ಷ ತಡವಾಗಿ" ಎಂದು ಹೇಳಿ ಹೊರಟುಹೋದರು. ತಿರುಗಿ ನೋಡಲಿಲ್ಲ. ತಪಾಸಣೆಯವರಿಗೆ ಬರೆದುಕೊಟ್ಟಿದ್ದೇನೆ, ನನ್ನ ಹೆಸರಿನಲ್ಲೇ. ದೋಣಿ ಹೊರಡುತ್ತಿದೆ. ಅಪ್ಪಾ, ನಾಳೆ ಹದಿನೇಳಕ್ಕೆ ಹೋದರೆ ಬಣ್ಣದ ಡಬ್ಬಿ ತೆರೆಯಬೇಡಿ. ಆ ಕೊಂಡಿಗೆ ಯಾರೂ ಹಗ್ಗ ಸಿಕ್ಕಿಸದ ಹಾಗೆ ನೋಡಿಕೊಳ್ಳಿ. ಗುಳ್ಳೆಗಳು ಹಾಗೆಯೇ ಇರಲಿ, ತಪಾಸಣೆಯವರು ಬಂದು ನೋಡಲಿ.