ಚಿಕ್ಕಮ್ಮನ ಡಿಸ್ಕ್ ಕೆಟ್ಟಿರಲಿಲ್ಲ

ಚಿಕ್ಕಮ್ಮ,

ಕ್ಷೇಮವೇ ಎಂದು ಕೇಳುವ ಮುಖ ನನಗಿಲ್ಲ. ನಿಮಗೊಂದು ಸುಳ್ಳು ಹೇಳಿದ್ದೆ. ನೀವು ಅದನ್ನೇ ನಂಬಿಕೊಂಡು ಹೋಗಿಬಿಟ್ಟಿರಿ.

ಡೊಂಬಿವಲಿಯ ನಿಮ್ಮ ಹೌಸಿಂಗ್ ಸೊಸೈಟಿಯ ಸಭಾಂಗಣದಲ್ಲಿ ನೀವು ನಡೆಸುತ್ತಿದ್ದ ಭಾನುವಾರದ ಕನ್ನಡ ಕ್ಲಾಸು ನೆನಪಾಗುತ್ತದೆ. "ಹೆಸರೇನು ಮಗಾ?" ಎಂದರೆ "ಮೇರಾ ನಾಮ್…" ಎಂದು ಶುರು ಮಾಡುವ ಮಕ್ಕಳು! ಸೇರಿದ ದಿನ ಒಮ್ಮೆ, ವರ್ಷದ ಕೊನೆಗೆ ಒಮ್ಮೆ ಅವರ ದನಿ ರೆಕಾರ್ಡ್ ಮಾಡಿ ಕಂಪ್ಯೂಟರಿನಲ್ಲಿ ಇಡುತ್ತಿದ್ದಿರಿ. "ಬ್ಯಾಕಪ್ ಇಲ್ಲದೆ ಹೇಗೆ ಇರ್ತೀರಿ?" ಎಂದು ಭಾಷಣ ಬಿಗಿದವನು ನಾನೇ. ಕಂಪ್ಯೂಟರ್ ಕೈಕೊಟ್ಟಾಗ ಅದರ ಹಾರ್ಡ್ ಡಿಸ್ಕ್ ಬಿಚ್ಚಿದೆ. ನೀವು ಅದನ್ನು ಟವೆಲಿನಲ್ಲಿ ಸುತ್ತಿ ನನ್ನ ಕೈಗಿಟ್ಟಿರಿ. "ಮಹಾಪೆಯ ಆಫೀಸಲ್ಲಿ ಕಂಪ್ಯೂಟರ್ ಕೆಲಸವೇ ಅಲ್ವಾ ನಿಂದು? ನಿನಗಿಂತ ಇನ್ಯಾರು ಬೇಕು ಮಾರಾಯ!" ಮಂಗನ ಕೈಗೆ ಮಾಣಿಕ್ಯ ಕೊಟ್ಟಿರಿ ಚಿಕ್ಕಮ್ಮ.

ಡಿಸ್ಕನ್ನು ಕೂರಿಸಿ ಲ್ಯಾಪ್‌ಟಾಪಿಗೆ ಜೋಡಿಸಲು ಒಂದು ಡಬ್ಬಿ ಬೇಕಿತ್ತು, ಅಂಗಡಿಯವರು ಕೇಸಿಂಗ್ ಎನ್ನುತ್ತಾರೆ. ಅದನ್ನು ಆರಿಸಲು ಎರಡು ತಿಂಗಳು ತೆಗೆದುಕೊಂಡೆನಲ್ಲ! ಅಲ್ಯೂಮಿನಿಯಮ್ಮೋ ಪ್ಲಾಸ್ಟಿಕ್ಕೋ, ಫ್ಯಾನ್ ಬೇಕೋ ಬೇಡವೋ ಎಂದು ಲೋಕಲ್ ಟ್ರೇನಿನಲ್ಲಿ ನೇತಾಡಿಕೊಂಡು ರಿವ್ಯೂ ಓದಿದ್ದೇ ಓದಿದ್ದು. ಕೊನೆಗೆ ನೌಪಾಡಾದ ಸಣ್ಣ ಅಂಗಡಿಯೊಂದರಲ್ಲಿ ಕೊಂಡೆ. ಅಂಗಡಿಯವರು ವಿಜಯಪುರದ ಕಡೆಯವರು. "ಸಾಹೇಬ್ರ, ಇದರ ಜೋಡಿ ಬಂದ ಅಡಾಪ್ಟರನ್ನ ಹಾಕ್ರಿ. ಬ್ಯಾರೇದು ಹಾಕಬ್ಯಾಡ್ರಿ" ಎಂದರು. ನನಗೇ ಬುದ್ಧಿ ಹೇಳುತ್ತಾರಲ್ಲ ಎಂದು ನಗು ಬಂತು.

ಆಫೀಸಿನಲ್ಲಿ ಎಲ್ಲರಿಗೂ ಬಿಚ್ಚಿ ತೋರಿಸಿ, ಆ ಅಡಾಪ್ಟರನ್ನು ಅಲ್ಲೇ ಮರೆತು ಘಣಸೋಲಿಯ ಮನೆಗೆ ಬಂದೆ. ಮರುದಿನದವರೆಗೆ ಕಾಯಬಹುದಿತ್ತು. ಲ್ಯಾಪ್‌ಟಾಪಿನ ಚಾರ್ಜರನ್ನೇ ಡಿಸ್ಕ್ ಕೂರಿಸಿದ ಡಬ್ಬಿಗೆ ಸಿಕ್ಕಿಸಿದೆ. ಪಿನ್ ಸರಿಯಾಗಿ ಕೂತಿತು. ಹನ್ನೆರಡು ವೋಲ್ಟ್ ಬೇಕಾದಲ್ಲಿ ಹತ್ತೊಂಬತ್ತು. 'ಚಟ್' ಅಂತು, ಸುಟ್ಟ ವಾಸನೆ ಬಂತು, ಅಷ್ಟೇ. ಈ ಕೆಲಸದಲ್ಲಿ ಹದಿನೈದು ವರ್ಷ ಸವೆಸಿದವನು ನಾನು. ಥೂ!

ನಿಮಗೆ ಫೋನ್ ಮಾಡಿ ಏನೆಂದೆ? "ಡಿಸ್ಕ್ ಮೊದಲೇ ಕೆಟ್ಟಿತ್ತು ಚಿಕ್ಕಮ್ಮ, ಹಳೇದಲ್ವಾ." ಬೈಯುತ್ತೀರಿ ಅಂದುಕೊಂಡಿದ್ದೆ. ನೀವು "ನಾನೇ ಸೀದಾ ಸ್ವಿಚ್ ಆಫ್ ಮಾಡ್ತಿದ್ದೆ, ಅದಕ್ಕೇ ಹೋಯ್ತೇನೋ" ಎಂದಿರಿ. ಅಲ್ಲ ಎನ್ನಬಹುದಿತ್ತು. "ಇರಬಹುದು" ಎಂದೆ.

ನೀವು ತೀರಿಕೊಂಡ ಹದಿಮೂರನೇ ದಿನದ ಊಟದಲ್ಲಿ ಕಲ್ಯಾಣದ ಒಬ್ಬ ಹೆಂಗಸು, ನಿಮ್ಮ ಶಿಷ್ಯೆಯ ತಾಯಿ, ಹೇಳಿದರು: "ಟೀಚರ್ ಮನೆಮನೆಗೂ ಫೋನ್ ಮಾಡಿ ಕ್ಷಮೆ ಕೇಳಿದ್ರು. ನಿಮ್ಮ ಮಕ್ಕಳ ದನಿ ನನ್ನಿಂದ ಹಾಳಾಯ್ತು ಅಂತ ಅತ್ತುಬಿಟ್ರು." ಪಾಯಸದ ಎಲೆ ಬಿಟ್ಟು ಎದ್ದೆ. ಕೊನೆಯ ತಿಂಗಳುಗಳ ಆ ಕಾಯಿಲೆಯಲ್ಲೂ, ನನ್ನ ತಪ್ಪನ್ನು ಹೊತ್ತುಕೊಂಡು ಎಷ್ಟು ಮನೆಗೆ…

ಮರುದಿನವೇ ಡಿಸ್ಕ್ ಹಿಡಿದು ನೌಪಾಡಾಕ್ಕೆ ಓಡಿದೆ. ಆ ಅಂಗಡಿಯವರು ಭೂತಗನ್ನಡಿ ಹಿಡಿದು ನೋಡಿ, "ಒಳಗ ಏನೂ ಆಗಿಲ್ರಿ. ಮ್ಯಾಗಿನ ಬೋರ್ಡಿನ್ಯಾಗ ಸಣ್ಣ ಪಾರ್ಟ್ ಒಂದ ಸುಟ್ಟೈತಿ. ಆವಾಗ ತಂದಿದ್ರ ಆವಾಗನ ಆಗತಿತ್ತು" ಎಂದರು. ಚಹಾ ಕುಡಿಯುವಷ್ಟರಲ್ಲಿ ಸರಿಯಾಯಿತು. ಎಲ್ಲ ದನಿಗಳೂ ಇವೆ ಚಿಕ್ಕಮ್ಮ, ಒಂದೂ ಹೋಗಿಲ್ಲ. ಈಗ ಮೂರು ಕಡೆ ಕಾಪಿ ಮಾಡಿಟ್ಟಿದ್ದೇನೆ. ನಾನು ಆ ಸುಳ್ಳು ಹೇಳಿದ ಮೇಲೆ ನೀವು ಎಂಟು ತಿಂಗಳು ಬದುಕಿದ್ದಿರಿ. ಎಂಟು ತಿಂಗಳು!

ನೀವು ಫೋನ್ ಮಾಡಿದ ಮನೆಗಳಿಗೆಲ್ಲ ಈಗ ನಾನು ಫೋನ್ ಮಾಡುತ್ತಿದ್ದೇನೆ. ಮೊದಲು ಕಲ್ಯಾಣದ ಆ ಮನೆಗೆ. ನಿಮ್ಮ ಶಿಷ್ಯೆಯೇ ಎತ್ತಿದಳು, ಈಗ ಕಾಲೇಜು. ಅವಳ ಚಿಕ್ಕಂದಿನ ದನಿಯ ರೆಕಾರ್ಡಿಂಗ್ ಕಳಿಸಿದೆ, ತಪ್ಪು ನನ್ನದೆಂದೆ. ಆಮೇಲೆ ತಡವರಿಸುತ್ತ, ಕನ್ನಡದಲ್ಲೇ ಕೇಳಿದಳು:

"ಅಂಕಲ್, ಬದುಕಿದ್ದಾಗ ಇದನ್ನ ಟೀಚರ್‌ಗೆ ಹೇಳಿದ್ರಾ?"