ಅಪ್ಪನ ಗಡ್ಡ

ಮಾರ್ಚ್ ೩, ಸೋಮವಾರ

ಶಟರ್ ಅರ್ಧ ಎತ್ತಿ ಒಳಗೆ ನುಸುಳಿದೆ. ಟೀ ಲೋಟದಲ್ಲಿ ಎರಡು ಗುಟುಕು ರಮ್, ಮೇಲೆ ಲವಂಗ. ಕೈ ನಡುಕ ನಿಂತಿತು. ಆಮೇಲೆ ಶಟರ್ ಪೂರ್ತಿ.

ಗಿರಾಕಿಗಳು ಬರುವ ಮುಂಚೆ ಅಪ್ಪನ ಶೇವಿಂಗ್ — ಪ್ರತಿ ಸೋಮವಾರದ ಕೆಲಸ. ಈ ಕ್ಷೌರದಂಗಡಿ ಅವನದೇ, ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದ ಮೇಲೆ ನನಗೆ ಬಂತು. ನೊರೆ ಹಚ್ಚಿ ಬಗ್ಗಿದೆ. ಮುಖ ತಿರುಗಿಸಿದ.

"ಸಾಕು, ಒರೆಸು."

"ಇನ್ನೂ ಶುರುವೇ ಮಾಡಿಲ್ಲ ಅಪ್ಪಾ."

"ನೀನು ಶುರು ಮಾಡ್ಕೊಂಡೇ ಬಂದಿದ್ದೀಯ. ಆ ವಾಸನೆ ನನ್ನ ಮುಖದ ಹತ್ರ ಬೇಡ."

ಒರೆಸಿದೆ. ಕಣ್ಣು ಮಂದ, ಕಿವಿ ಮಂದ. ಮೂಗು ಮಾತ್ರ ಚುರುಕು ಮುದುಕನಿಗೆ.

ಮಾರ್ಚ್ ೧೪

ಎರಡನೇ ಕುರ್ಚಿಯಲ್ಲಿ ಕೆಲಸ ಮಾಡುವ ಭಾಮೈದ ತಾನೇ ಶೇವ್ ಮಾಡುತ್ತೇನೆಂದು ಹೋಗಿ ಬೈಸಿಕೊಂಡು ಬಂದ. "ನನ್ನ ಮಗ ಇನ್ನೂ ಸತ್ತಿಲ್ಲ" ಅಂದನಂತೆ ಅಪ್ಪ.

ಗಡ್ಡ ಬೆಳ್ಳಗೆ ಬೆಳೆಯುತ್ತಿದೆ. ಅಂಗಡಿ ಮುಂದಿನ ಬೆಂಚಿನ ಮೇಲೆ ಬೇಕಂತಲೇ ಕೂರುತ್ತಾನೆ. ಶೇವಿಂಗಿಗೆ ಬಂದ ಬ್ಯಾಂಕಿನವರೊಬ್ಬರು ನೋಡಿ ನಕ್ಕರು: "ದೀಪದ ಕೆಳಗೆ ಕತ್ತಲೆ ಅಂದ್ರೆ ಇದೇ ನೋಡಿ." ನಾನೂ ನಕ್ಕೆ. ಭಾಮೈದನ ಕುರ್ಚಿ ಖಾಲಿಯಾಗುವವರೆಗೆ ಕಾದು ಕೂತರು. ನನ್ನದು ಖಾಲಿಯೇ ಇತ್ತು.

ಮಾರ್ಚ್ ೧೯, ಸಂಜೆ

ಮಗಳ ಸ್ಕೂಲಿನಲ್ಲಿ ಮೀಟಿಂಗ್. "ಅಮ್ಮ ಬರ್ಲಿ ಬಿಡಪ್ಪ, ನಿಂಗೆ ಅಂಗಡಿ ಇದ್ಯಲ್ಲ" ಅಂದಳು. ಎಷ್ಟು ನಯ!

ಹೆಂಡತಿ ಬಟ್ಟೆ ಮಡಚುತ್ತಾ ಅಂದಳು, "ಅವಳು ಫ್ರೆಂಡ್ಸ್‌ನ ಮನೆಗೆ ಕರೆಯೋದು ಬಿಟ್ಟು ವರ್ಷ ಆಯ್ತು. ನಿಮಗೆ ಗೊತ್ತೇ ಆಗ್ಲಿಲ್ಲ."

ಇವಳು ಕೂಗಾಡಲಿಲ್ಲ. ಕೂಗಾಡುತ್ತಿದ್ದ ಕಾಲದಲ್ಲಿ ನನ್ನ ಮೇಲೆ ಇನ್ನೂ ಆಸೆ ಇತ್ತೇನೋ. ನಾಚಿಕೆಯಾಯಿತು. ನಾಚಿಕೆಗೂ ಅದೇ ಔಷಧಿ... ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದೆ.

ಮಾರ್ಚ್ ೨೪, ಸೋಮವಾರ

ಬೆಳಿಗ್ಗೆಯಿಂದ ಮುಟ್ಟಿಲ್ಲ. ಹತ್ತು ಗಂಟೆಗೆ ಕೈ ಗಡಗಡ.

ಕೆಲಸಕ್ಕೆ ಹೊಸಬರು ಬಲೂನಿಗೆ ನೊರೆ ಹಚ್ಚಿ, ಅದರ ಮೇಲೆ ಕತ್ತಿ ಆಡಿಸಿ ಕಲಿಯುತ್ತಾರೆ. ತಲೆ ನರೆತ ಮೇಲೆ ನಾನೂ ಒಂದು ಊದಿದೆ. ಢಬ್. ಇನ್ನೊಂದು. ಢಬ್. ನೊರೆಯೆಲ್ಲ ಕನ್ನಡಿಗೆ. ಭಾಮೈದ ತಿರುಗಿಯೂ ನೋಡದೆ, "ಭಾವ, ಯಾರದು ಬರ್ತ್‌ಡೇ?" ಅಂದ.

ಕುಡಿದರೆ ಅಪ್ಪ ಮುಖ ಕೊಡುವುದಿಲ್ಲ. ಕುಡಿಯದಿದ್ದರೆ ಕತ್ತಿ ಹಿಡಿಯುವಂತಿಲ್ಲ. ಅತ್ತ ದರಿ, ಇತ್ತ ಪುಲಿ.

ಮಾರ್ಚ್ ೨೫

ಇವತ್ತೂ ಇಲ್ಲ. ಬೆವರು. ಕನ್ನಡಿ ತುಂಬ ಇರುವೆ, ಒರೆಸಿದರೂ ಹೋಗುತ್ತಿಲ್ಲ. ಇರುವೆ ಎಲ್ಲಿದೆ ಅಂತಾಳೆ ಇವಳು —

ಏಪ್ರಿಲ್ ೧೬

ಮೊನ್ನೆ ಆಸ್ಪತ್ರೆಯಿಂದ ಬಂದೆ. ಫಿಟ್ಸ್ ಬಂದು ಬಿದ್ದೆನಂತೆ. ಡಾಕ್ಟರ್ ಬೈದರು: "ಇಷ್ಟು ವರ್ಷ ಕುಡಿದವರು ಹೀಗೆ ಒಮ್ಮೆಗೇ ನಿಲ್ಲಿಸಬಾರದು ರೀ. ನಮ್ಮನ್ನ ಕೇಳಿ, ಮಾತ್ರೆ ತಗೊಂಡು ಬಿಡಬೇಕು." ಕುಡಿದರೂ ಬೈಗುಳ, ಬಿಟ್ಟರೂ ಬೈಗುಳ! ನಡುಕ ಇನ್ನೂ ಕೆಲವು ದಿನ ಇರುತ್ತದಂತೆ.

ಬೀರು, ಅಟ್ಟ, ಸಿಂಕಿನ ಕೆಳಗೆ — ಎಲ್ಲಿ ಬಾಟಲಿ ಸಿಕ್ಕರೂ ಇವಳು ಸುರಿದಿದ್ದಾಳೆ. ನಾನು ಹತ್ತಿರ ಹೋದರೆ ಮಾತಿಗೆ ಮುಂಚೆ ಉಸಿರೆಳೆದು ನೋಡುತ್ತಾಳೆ. ಅವಳದೇನೂ ತಪ್ಪಿಲ್ಲ.

ಏಪ್ರಿಲ್ ೨೧, ಸೋಮವಾರ

ಅಪ್ಪ ತಾನೇ ಬಂದು ನನ್ನ ಕುರ್ಚಿಯಲ್ಲಿ ಕೂತ.

"ನವೆ ತಡೆಯೋಕಾಗ್ತಿಲ್ಲ. ತೆಗಿ ಇದನ್ನ."

"ಕೈ ನಡುಗುತ್ತೆ ಅಪ್ಪಾ. ಗಾಯ ಆಗುತ್ತೆ."

"ಆಗ್ಲಿ ಬಿಡೋ. ನಾನೇನು ಮದುವೆ ಗಂಡಾ?"

ಎಡಗೆನ್ನೆ ಮುಗಿಯಿತು. ಎರಡು ಕಡೆ ರಕ್ತ. ಹಲ್ಲು ಕಚ್ಚಿಕೊಂಡು ಕೂತಿದ್ದ. ನನಗೆ ಅಳು ಬಂತು. ಬಲಗೆನ್ನೆಗೆ ನೊರೆ ಹಚ್ಚಿ, ಟವೆಲ್ ತರುತ್ತೇನೆಂದು ಹಿಂದಿನ ಕೋಣೆಗೆ ಬಂದೆ.

ಬಂದದ್ದು ಟವೆಲಿಗಲ್ಲ. ಹಳೆ ಬಟ್ಟೆಯ ಗಂಟಿನ ಹಿಂದೆ ಒಂದು ಕ್ವಾರ್ಟರ್ ಬಾಟಲಿ. ಇವಳ ಕೈಗೆ ಸಿಗದೆ ಉಳಿದದ್ದು. ಒಂದೇ ಗುಟುಕು ಹಾಕಿದರೆ ಬಲಗೆನ್ನೆಗೆ ಒಂದು ಗೀರೂ ಬೀಳುವುದಿಲ್ಲ. ಅಪ್ಪನಿಗೆ ನೋವಾಗಬಾರದು, ಅಷ್ಟೇ. ಇದಕ್ಕಿಂತ ಒಳ್ಳೆಯ ನೆಪ ಈವರೆಗೆ ನನಗೆ ಸಿಕ್ಕಿರಲಿಲ್ಲ.

ಮುಚ್ಚಳ ಇನ್ನೂ ತೆಗೆದಿಲ್ಲ. ಕೈಗೆ ಬೇರೆ ಕೆಲಸ ಬೇಕು ಅಂತ ಪೆನ್ನು ಹಿಡಿದಿದ್ದೇನೆ.

"ಎಲ್ಲೋ ಹೋದೆ? ನೊರೆ ಒಣಗ್ತಿದೆ ಕಣೋ!"

ಬಂದೆ ಅಂದೆ. ಇನ್ನೂ ಕೂತೇ ಇದ್ದೇನೆ. ಕುರ್ಚಿ ಕಿರುಗುಟ್ಟಿತು. ಕಾಲೆಳೆಯುವ ಸದ್ದು... ಅರ್ಧ ಬೋಳಿಸಿದ ಮುಖದಲ್ಲೇ ಎದ್ದು ಬರುತ್ತಿದ್ದಾನೆ, ಬಾಟಲಿ ಇನ್ನೂ ಮುಚ್ಚಳ ತೆಗೆಯದೆ ತೊಡೆಯ ಮೇಲೇ ಇದೆ. ನೋಡಲಿ.