ಮೊದಲ ತುತ್ತು

ಗಂಗಾನಗರ
೨ ಮೇ ೨೦೨೫

ನನ್ನ ಬಂಗಾರ ಫಾಯಿಜಾ,

ಅಮ್ಮಿಯ ಸಲಾಂ, ಜೊತೆಗೆ ಎರಡು ಮುತ್ತು. ಏಳನೇ ಕ್ಲಾಸು ಮುಗಿಯಿತು, ಮುತ್ತೆಲ್ಲ ಬೇಡ ಎಂದು ಮೂತಿ ತಿರುಗಿಸಬೇಡ. ಫೋನಿನಲ್ಲಿ ಯಾರೋ ಕದ್ದು ಕೇಳುತ್ತಾರೆ ಎಂಬ ಭಯ ನನಗಿನ್ನೂ ಪೂರ್ತಿ ಬಿಟ್ಟಿಲ್ಲ. ನಿನಗೆ ಉರ್ದು ಓದಲು ಬರುವುದಿಲ್ಲ. ಅದಕ್ಕೇ ಕನ್ನಡದಲ್ಲಿ ಈ ಕಾಗದ. ನಾನೂ ಕನ್ನಡ ಶಾಲೆಯವಳೇ. ಎಲ್ಲಾದರೂ ಒತ್ತು ತಪ್ಪಿದ್ದರೆ ನಗಬೇಡ.

ನಿನ್ನೆ ಅಟ್ಟೂರಿನಲ್ಲಿ ನನ್ನ ತಂಗಿ ಅನೀಸಾಳ ಮನೆಯಲ್ಲಿ ನಿನ್ನನ್ನು ನೋಡಿಕೊಂಡು ಬಂದ ಅಬ್ಬಾ ಊಟಕ್ಕೇ ಕೂರಲಿಲ್ಲ. "ಅಮ್ಮಿ ಊಟ ಮಾಡ್ತಿದಾರಾ? ಈಗ ಮೊದ್ಲು ಯಾರು ತಿಂದು ತೋರಿಸ್ತಾರೆ?" ಎಂದು ಕೇಳಿದೆಯಂತೆ. ಮನೆಗೆ ಬಾ ಎಂದರೆ, "ಸುಳ್ಳು ಹೇಳಿದ್ದಕ್ಕೇ ಖಾಲಾ ನನ್ನ ಇಲ್ಲಿ ತಂದಿಟ್ಕೊಂಡಿರೋದು, ಅಮ್ಮಿ ಮುಖ ಹೆಂಗ್ ನೋಡ್ಲಿ" ಎಂದೆಯಂತೆ. ಅಯ್ಯೋ ಹುಚ್ಚಿ ಎಂದು ಬರೆಯಲು ಹೋಗಿ ಕೈ ನಿಲ್ಲಿಸಿದೆ. ಆ ಹೆಸರು ಬೀದಿಯವರು ನನಗೆ ಇಟ್ಟದ್ದು, ನಿನಗೆ ಕೊಡಲಾರೆ.

ರಂಜಾನಿನ ಆ ಭಾನುವಾರ ನಡೆದದ್ದನ್ನು ನಾನು ಹೇಳುತ್ತೇನೆ, ಕೇಳು. ಅದು ನಿನ್ನ ಮೊದಲ ರೋಜಾ. ಮಾತ್ರೆ ನುಂಗಬೇಕಾದ್ದರಿಂದ ನನಗೆ ಉಪವಾಸವಿಲ್ಲ. ಮಧ್ಯಾಹ್ನ ನೀನೇ ಅನ್ನ, ದಾಲ್ಚಾ ಬಡಿಸಿ ತಂದೆ. ಎರಡು ವರ್ಷದಿಂದ ನಮ್ಮ ಮನೆಯ ಪದ್ಧತಿ ಅದೇ ತಾನೆ? ಊಟದಲ್ಲಿ ಯಾರೋ ವಿಷ ಬೆರೆಸಿದ್ದಾರೆ ಎಂದು ನಾನು ಹಟ ಹಿಡಿಯುವುದು, ನೀನು ಮೊದಲ ತುತ್ತು ನುಂಗಿ ಬಾಯಿ ತೆರೆದು ತೋರಿಸುವುದು. "ಇವತ್ತೊಂದಿನ ಬೇಡ ಅಮ್ಮಿ, ರೋಜಾ ಇದೀನಿ" ಎಂದು ಎಷ್ಟು ಬೇಡಿಕೊಂಡೆ! ನಾನು ತಟ್ಟೆ ತಳ್ಳಿದೆ, ಮಾತ್ರೆ ಎಸೆದೆ. ಕೊನೆಗೆ ಅಳುತ್ತಲೇ ಒಂದು ತುತ್ತು ನುಂಗಿ ನೀನು ಬಾಯಿ ತೆರೆದೆ.

ಸಂಜೆ ಇಫ್ತಾರಿಗೆ ಅನೀಸಾ ಖಾಲಾ ಮೊದಲ ರೋಜಾದ ಖುಷಿಗೆ ನಿನಗೆ ಹಾಕಲೆಂದು ಮಲ್ಲಿಗೆ ಹಾರ ತಂದಳು. ಅವಳು ಹಾರ ಎತ್ತಿದಾಗ ನೀನು ಹಿಂದೆ ಸರಿದು, "ನಂಗ್ ಹಾಕ್ಬೇಡಿ, ಹಸಿವು ತಡೀಲಾಗ್ದೆ ಮಧ್ಯಾಹ್ನ ಅನ್ನ ತಿಂದ್ಬಿಟ್ಟೆ" ಎಂದೆ. "ಅಷ್ಟಾದ್ಮೇಲೂ ರೋಜಾ ಅಂತ ಸುಳ್ಳು ಹೇಳ್ಕೊಂಡು ಓಡಾಡ್ದ್ಯಾ?" ಎಂದು ಖಾಲಾ ಎಲ್ಲರೆದುರು ಬೈದಳು. ನಾನು ಮೂರಡಿ ದೂರದಲ್ಲಿ ಕೂತಿದ್ದೆ. ಎಲ್ಲ ಗೊತ್ತಿದ್ದೂ ಬಾಯಿ ಬಿಡಲಿಲ್ಲ. ವಿಷದ ಭಯವನ್ನು ಕಾಯಿಲೆಯ ತಲೆಗೆ ಕಟ್ಟಬಹುದು. ಆಗ ಸುಮ್ಮನಿದ್ದದ್ದನ್ನು ಯಾರ ತಲೆಗೆ ಕಟ್ಟಲಿ? ನಾಚಿಕೆಯಾಯಿತು, ಸುಮ್ಮನಾದೆ. ನಿನ್ನ ರೋಜಾ ಮುರಿದದ್ದು ನಾನು. ನೀನು ಸುಳ್ಳು ಹೇಳಿದ್ದು ನನ್ನ ಮರ್ಯಾದೆ ಉಳಿಸಲು. ಮಾಫ್ ಮಾಡು ಮಗಳೇ.

ಈಗ ಯಾರು ತಿಂದು ತೋರಿಸುತ್ತಾರೆ ಎಂದೆಯಲ್ಲ, ಯಾರೂ ಇಲ್ಲ. ನೀನು ಹೋದ ಮೇಲೆ ನಾಲ್ಕು ದಿನ ಬರೀ ಬಾಳೆಹಣ್ಣು, ಬೇಯಿಸಿದ ಮೊಟ್ಟೆ ತಿಂದೆ. ಸಿಪ್ಪೆಯೊಳಗೆ ಯಾರು ಏನು ಬೆರೆಸಿಯಾರು? ಅಬ್ಬಾ ತಾವೇ ತಿಂದು ತೋರಿಸುತ್ತೇನೆ ಎಂದರು. ಯಶವಂತಪುರ ಯಾರ್ಡಿನಲ್ಲಿ ದಿನವಿಡೀ ಈರುಳ್ಳಿ ಮೂಟೆ ಹೊರುವ ಆ ಮನುಷ್ಯನಿಗೆ ಕಲ್ಲು ಕೊಟ್ಟರೂ ಅರಗುತ್ತದೆ, ಅವರನ್ನು ನಂಬುವುದು ಹೇಗೆ! ಆಮೇಲೆ ಡಾಕ್ಟರಮ್ಮ ಔಷಧಿ ಬದಲಿಸಿ ತಿಂಗಳಿಗೊಂದು ಇಂಜೆಕ್ಷನ್ ಶುರುಮಾಡಿದರು. ಈಗ ನಾನೇ ಅಡುಗೆ ಮಾಡಿ ತಿನ್ನುತ್ತೇನೆ. ಕೆಲವು ದಿನ ಅನುಮಾನ ಬರುತ್ತದೆ, ಇಲ್ಲ ಎನ್ನಲಾರೆ. ಆಗ ತಟ್ಟೆ ಮುಚ್ಚಿಟ್ಟು ಮಹಡಿಗೆ ಹೋಗಿ ಒಣಗಿದ ಬಟ್ಟೆ ಮಡಚುತ್ತೇನೆ. ಹೊಟ್ಟೆ ಚುರುಗುಟ್ಟಿದಾಗ ಇಳಿದು ಬಂದು ತಿನ್ನುತ್ತೇನೆ. ಅನ್ನ ತಣ್ಣಗಾಗಿರುತ್ತದೆ, ಅಷ್ಟೇ.

ಶಾಲೆ ತೆರೆಯುವಷ್ಟರಲ್ಲಿ ನೀನು ಬಂದರೆ ನನಗೆ ಈದ್ ಇನ್ನೊಮ್ಮೆ ಬಂದ ಹಾಗೆ. ಅಲ್ಲೇ ಇರುತ್ತೇನೆ ಎಂದರೂ ಬೇಜಾರಿಲ್ಲ. ಬೇಜಾರಾಗುತ್ತದೆ, ನಿನಗೆ ತೋರಿಸುವುದಿಲ್ಲ. ಬಂದರೆ ಆಟ ಆಡಿಕೊಂಡು, ಜಗಳ ಮಾಡಿಕೊಂಡು ಇರು. ನನ್ನ ತಟ್ಟೆಯ ಉಸಾಬರಿ ಇನ್ನು ನಿನಗೆ ಬೇಡ.

ನಿನ್ನ ದಾರಿ ನೋಡುತ್ತಿರುವ ಅಮ್ಮಿ,
ನಿಶಾತ್

ತಾ.ಕ.: ಖಾಲಾ ಮೇಲೆ ಮುನಿಸು ಬೇಡ. ಅವಳು ಬೈದ ಮರುದಿನವೇ ನಾನೊಬ್ಬಳೇ ಬಸ್ಸು ಹತ್ತಿ ಅಟ್ಟೂರಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವಳು ತಲೆ ಚಚ್ಚಿಕೊಂಡು ಅತ್ತಳು. ಮಗಳಿಗೆ ನಾನೇ ಹೇಳುತ್ತೇನೆ, ನೀನು ಹೇಳಬೇಡ ಎಂದು ಅವಳನ್ನು ತಡೆದೆ. ಹೇಳಲು ಇಷ್ಟು ದಿನ ಹಿಡಿಯಿತು. ಪರೀಕ್ಷೆ ಮುಗಿದ ಕೂಡಲೇ ನನ್ನ ಮಗಳನ್ನು ಕರೆದುಕೊಂಡು ಹೋಗು ಎಂದು ಅವಳ ಕೈ ಹಿಡಿದು ಬೇಡಿಕೊಂಡವಳೂ ನಾನೇ. ನೀನು ಇಲ್ಲಿದ್ದಿದ್ದರೆ ನಾನು ಮತ್ತೆ ಬಾಯಿ ತೆರೆ ಎನ್ನುತ್ತಿದ್ದೆ, ನೀನು ಮತ್ತೆ ತೆರೆಯುತ್ತಿದ್ದೆ.